ಶಹಾಬುದ್ದೀನ ಸರ್ ಹಚ್ಚಿದ ಎರಡನೇ ಪಾಳಿ

ಸಿಂದಗಿಯ ನನ್ನ ಅಂಗಡಿಯ ಬೋರ್ಡಿನ ಮೇಲೆ ಕಂಪ್ಯೂಟರ್, ಕ್ಯಾಮರಾ, ಹಾರ್ಡ್ ಡಿಸ್ಕ್ ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದೇನೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿದೆ: ‘ಜಗತ್ತಿನ ಕಂಪ್ಯೂಟರಿನಲ್ಲಿ ಹೆಸರಿರುವ ಪ್ರೊ. ಶಹಾಬುದ್ದೀನ ಗಿರಣಿ ಅವರ ಸಲಹೆಯೊಂದಿಗೆ.’ ಶಹಾಬುದ್ದೀನ ಸರ್ ಪ್ರೊಫೆಸರ್ ಅಲ್ಲ, ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್. ಸಲಹೆಯ ಮಾತು ಬಿಡಿ, ಅವರು ಕೊಡಲು ಬಂದಾಗೆಲ್ಲ ನನಗೆ ಗಿರಾಕಿ ಬಂದಿರುತ್ತಾರೆ. ಆದರೆ ಜಗತ್ತಿನ ಕಂಪ್ಯೂಟರಿನಲ್ಲಿ ಅವರ ಹೆಸರಿದೆ ಎಂಬುದು ಮಾತ್ರ ಖರೆ. ವ್ಯಾಪಾರದ ಬೋರ್ಡಿನಲ್ಲಿ ಮೂರರಲ್ಲಿ ಒಂದು ಮಾತು ಖರೆ ಇದ್ದರೆ ಅದು ಒಳ್ಳೆಯ ಬೋರ್ಡು.

ಅವರ ತಂದೆ ಚಾಂದಸಾಬರದು ಬಸವನ ಬಾಗೇವಾಡಿಯಲ್ಲಿ ಹಿಟ್ಟಿನ ಗಿರಣಿ. ಅಡ್ಡಹೆಸರು ಬಂದದ್ದು ಅಲ್ಲಿಂದಲೇ. ಗಿರಣಿಗೆ ಬಂದವರು ಜೋಳದ ಡಬ್ಬಿಯನ್ನು ಪಾಳಿಗೆ ಇಟ್ಟು, ತಮ್ಮ ಸರದಿ ಬಂದಾಗ ಬೀಸಿಸಿಕೊಂಡು ಹೋಗುವುದು ಎಲ್ಲ ಊರಿನ ಪದ್ಧತಿ. ಚಾಂದಸಾಬರ ಗಿರಣಿಯಲ್ಲಿ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಡಬ್ಬಿಗಳು ಒಳಗೆ ಪಾಳಿ ಹಚ್ಚಿದರೆ, ಡಬ್ಬಿ ತಂದವರು ಹೊರಗಿನ ಕಟ್ಟೆಯ ಮೇಲೆ ಅದೇ ಕ್ರಮದಲ್ಲಿ ಇನ್ನೊಂದು ಪಾಳಿ ಹಚ್ಚಿ ಕೂಡಬೇಕು. ಚಾಂದಸಾಬ ಮೊದಲ ಡಬ್ಬಿಯನ್ನೂ ಕಟ್ಟೆಯ ಮೊದಲ ಮನುಷ್ಯನನ್ನೂ ನೋಡುವರು. ಎರಡೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಕಾಳು ಸುರಿಯುವರು. ಯಾವಳೋ ಒಬ್ಬಾಕೆ ಒಲೆಯ ಮೇಲಿನ ಬೇಳೆ ನೋಡಲು ಮನೆಗೆ ಓಡಿದ್ದರೆ ಅವಳು ಬರುವ ತನಕ ಗಿರಣಿಯ ಪಟ್ಟಾ ಬರಿದೇ ತಿರುಗುತ್ತಿತ್ತು. ಉಳಿದವರು ಅವಳನ್ನು ಬೈಯುತ್ತ ಕೂಡುತ್ತಿದ್ದರು. ಚಾಂದಸಾಬರನ್ನು ಯಾರೂ ಬೈದದ್ದಿಲ್ಲ. ಪದ್ಧತಿ ಅಂದಮೇಲೆ ಪದ್ಧತಿ.

ಈ ಗಿರಣಿಯ ಹಿಟ್ಟಿನ ಧೂಳಿನಲ್ಲಿ ಬೆಳೆದ ಮನುಷ್ಯ ಕಂಪ್ಯೂಟರ್ ಕಲಿತು ಸಿಂದಗಿಗೆ ನೌಕರಿಗೆ ಬಂದರು. ಅದೇ ಸುಮಾರಿಗೆ ನಾನು ಸೋಲಾಪುರದಲ್ಲಿ ಮುಚ್ಚಿಹೋದ ಕಂಪನಿಯೊಂದರ ಮಾಲನ್ನು ಕಣ್ಣು ಮುಚ್ಚಿ ಹಿಡಿದಿದ್ದೆ. ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಜೋಡಿಸುವ ಕಾರ್ಡುಗಳು ಅವು. ಕಣ್ಣು ತೆರೆದಾಗ ಗೊತ್ತಾಯಿತು, ಅವು ಪುಕ್ಕಟೆ ಸಿಗುವ ತಂತ್ರಾಂಶದಲ್ಲಿ ನಡೆಯುವುದಿಲ್ಲ. ಜಗತ್ತಿನ ನೂರಾರು ಊರುಗಳ ಜನ ಸೇರಿ ಬರೆಯುವ, ಯಾರೊಬ್ಬರ ಮಾಲೂ ಅಲ್ಲದ ಆ ದೊಡ್ಡ ತಂತ್ರಾಂಶಕ್ಕೆ ಈ ಕಾರ್ಡಿನ ಭಾಷೆ ಬರುತ್ತಿರಲಿಲ್ಲ. ನಡುವೆ ನಿಂತು ಭಾಷೆ ತಿಳಿಸುವ ಒಂದು ತುಂಡು ಬೇಕು. ಅದಕ್ಕೆ ಡ್ರೈವರ್ ಅನ್ನುತ್ತಾರೆ. ಶಹಾಬುದ್ದೀನ ಸರ್ ಅದನ್ನು ಬರೆದರು, ಆ ಜಗತ್ತಿನ ಜನರಿಗೆ ಕಳಿಸಿದರು. ಅವರಲ್ಲಿ ಒಬ್ಬ ‘ನೋಡಲು ಸರಿಯಾಗಿದೆ’ ಎಂದು ಉತ್ತರಿಸಿ ಸೇರಿಸಿಕೊಂಡ. ಕಡತದ ತಲೆಯ ಮೇಲೆ ಬರೆದವರ ಹೆಸರು ಬಂತು.

ಊರಿನಲ್ಲಿ ಸನ್ಮಾನವಾಯಿತು. ಶಾಲು, ಪೇಟಾ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೊಬ್ಬರು ‘ನಮ್ಮ ಊರಿನ ಡ್ರೈವರ್ ಜಗತ್ತು ನಡೆಸಾಕತ್ಯಾರ’ ಎಂದರು. ಹಿಂದಿನ ಸಾಲಿನಲ್ಲಿ ಕೂತ ಮುದ್ದೇಬಿಹಾಳದ ಬೀಗರು, ಮಗಳನ್ನು ಲೆಕ್ಚರರನಿಗೆ ಕೊಟ್ಟಿದ್ದೋ ಲಾರಿಯವನಿಗೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾರನೆಯ ವಾರವೇ ಬೋರ್ಡು ಬರೆಸಿದೆ. ಅರ್ಧದಷ್ಟು ಕಾರ್ಡು ಹೋದವು.

ಆ ತುಂಡಿನ ಒಳಗೆ ಅವರು ಮಾಡಿದ್ದೇನು ಎಂಬುದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ಈಗ ನಾನೇ ಪಾಠ ಮಾಡಬಲ್ಲೆ. ಡಿಸ್ಕಿಗೆ ಇದನ್ನು ಬರೆ, ಅದನ್ನು ಓದು ಎಂಬ ಕೆಲಸಗಳು ಮೇಲಿನಿಂದ ಒಂದರ ಹಿಂದೆ ಒಂದು ಬರುತ್ತವೆ. ದೊಡ್ಡ ತಂತ್ರಾಂಶವೇ ಅವುಗಳನ್ನು ಪಾಳಿಗೆ ನಿಲ್ಲಿಸಿರುತ್ತದೆ. ಡ್ರೈವರ್ ಅವನ್ನು ಡಿಸ್ಕಿಗೆ ದಾಟಿಸಿದರೆ ಸಾಕು. ಆದರೆ ಚಾಂದಸಾಬರ ಮಗನಿಗೆ ಒಂದೇ ಪಾಳಿ ಅಂದರೆ ಬಾಗಿಲಿಲ್ಲದ ಮನೆಯಂತೆ ಕಂಡಿರಬೇಕು. ಡ್ರೈವರಿನ ಒಳಗೆ ಇನ್ನೊಂದು ಪಾಳಿ ಹಚ್ಚಿದರು. ಕೆಲಸ ಮೇಲಿನ ಪಾಳಿಯಿಂದ ಬರಬೇಕು, ಕೆಳಗಿನ ಪಾಳಿಯಲ್ಲಿ ಮತ್ತೆ ನಿಲ್ಲಬೇಕು. ಎರಡೂ ತಾಳೆಯಾದಮೇಲೆ ಡಿಸ್ಕಿಗೆ ಹೋಗಬೇಕು.

ಪ್ರತಿ ವರ್ಷ ಹೊಸ ಹುಡುಗರ ಮೊದಲ ತರಗತಿಯಲ್ಲಿ ಗೋಡೆಯ ಮೇಲೆ ಆ ಕಡತವನ್ನು ಬಿಂಬಿಸಿ, ತಲೆಯ ಮೇಲಿನ ಹೆಸರನ್ನು ಕೋಲಿನಿಂದ ತೋರಿಸಿ, ಆಮೇಲೆ ಎರಡು ಪಾಳಿಯ ಕತೆಯನ್ನೂ ತಂದೆಯ ಗಿರಣಿಯನ್ನೂ ಹೇಳುವರು. ‘ನಮ್ಮ ಮಂದಿಯ ಶಾಣ್ಯಾತನ ಐತಿ ಇದು. ಡಬ್ಬಿನೂ ಸಾಕ್ಷಿ, ಮನಷ್ಯಾನೂ ಸಾಕ್ಷಿ’ ಎನ್ನುವರು. ಬೇರೆ ಏನನ್ನೂ ಅವರು ಆಮೇಲೆ ಬರೆಯಲಿಲ್ಲ. ಬರೆಯುವ ಅಗತ್ಯ ಅವರಿಗೂ ಕಾಣಲಿಲ್ಲ, ಊರಿಗೂ ಕಾಣಲಿಲ್ಲ. ಪ್ರಾಂಶುಪಾಲರು ಪಾಲಿಟೆಕ್ನಿಕ್ಕಿನ ಪ್ರಚಾರದ ಪುಸ್ತಿಕೆಯಲ್ಲಿ ಅವರ ಫೋಟೋ ಹಾಕಿಸುತ್ತಿದ್ದರು. ಪಗಾರ ಹೆಚ್ಚಿಸುವ ಮಾತು ಬಂದಾಗ ಆ ಫೋಟೋವನ್ನೇ ಸ್ವಲ್ಪ ದೊಡ್ಡದು ಮಾಡಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಆಯೇಶಾ ಮಾತ್ರ ಒಮ್ಮೆ ನನ್ನೆದುರೇ ಹೇಳಿದ್ದಳು:

“ಇವರ ಹೆಸರು ಜಗತ್ತಿನಾಗ ಐತ್ರಿ ಸಾವ್ಕಾರ್ರ. ರೇಶನ್ ಕಾರ್ಡಿನಾಗ ಹಚ್ಚಸ್ರಿ ಅಂತ ಮೂರು ವರ್ಷ ಆತು ಹೇಳಾಕತ್ತೇನಿ, ಅದಕ್ಕ ಮಾತ್ರ ಪಾಳಿ ಹಚ್ಚವಲ್ರು.”

ಸರ್ ನಕ್ಕರು. ಅಂಥ ಮಾತಿಗೆ ನಗುವಷ್ಟು ನೆಮ್ಮದಿ ಆಗ ಅವರಿಗಿತ್ತು.

ಮಾರಾಟವಾಗದೆ ಉಳಿದ ಕಾರ್ಡುಗಳನ್ನು ನಾನು ಎಸೆಯಲಿಲ್ಲ. ಕ್ಯಾಮರಾದ ಚಿತ್ರ ಉಳಿಸಿಡುವ ರೆಕಾರ್ಡರುಗಳನ್ನು ಅಂಗಡಿಯಲ್ಲೇ ಜೋಡಿಸಿ, ಅವುಗಳಲ್ಲಿ ಈ ಕಾರ್ಡು ಕೂಡಿಸಿ, ಇಂಡಿ ಊರಿನ ಲಿಂಬೆ ವ್ಯಾಪಾರಿಗಳಿಂದ ನಿಡಗುಂದಿಯ ಖಾನಾವಳಿಗಳ ತನಕ ಮಾರಿದೆ. ಒಳಗೆ ಏನಿದೆ ಎಂದು ಕೇಳುವ ಗಿರಾಕಿ ನನ್ನ ಪುಣ್ಯಕ್ಕೆ ಇಲ್ಲಿಯ ತನಕ ಸಿಕ್ಕಿಲ್ಲ.

ಮಾಲನ್ನೇ ತಿರುಗಿ ತಂದವನು ಮಾತ್ರ ಸಿಕ್ಕ, ಇಂಡಿಯ ಬಾಬುಲಾಲ. ಲಿಂಬೆಯ ದೊಡ್ಡ ವ್ಯಾಪಾರಿ, ನಾಲಗೆಯೂ ಅದೇ ರುಚಿಯದು. ಒಂದು ಮುಂಜಾನೆ ರೆಕಾರ್ಡರನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದು ನನ್ನ ಗಲ್ಲೆಯ ಮೇಲೆ ಇಟ್ಟ.

“ಸಾವ್ಕಾರ್ರ, ನಿಮ್ಮ ಕ್ಯಾಮರಾ ಭಾಳ ಮರ್ಯಾದಸ್ಥ ಐತ್ರಿ. ಕಳ್ಳ ಬರೂತನಾ ಎಲ್ಲಾ ನೋಡ್ತೈತಿ. ಕಳ್ಳ ಬಂದ ಕೂಡ್ಲೆ ಕಣ್ಣು ಮುಚ್ಚಿಕೊಳ್ತೈತಿ.”

“ಕರೆಂಟ್ ಹೋಗಿತ್ತೇನು?”

“ಹೋಗಿತ್ತು, ಬಂತು. ಲೈಟ್ ಬಂತು, ಫ್ಯಾನ್ ತಿರಗ್ತು, ಎದುರಿನ ಅಂಗಡಿಯವನ ಚೀನಾ ಮಾಲೂ ಎದ್ದು ಕುಂತು. ನಿಮ್ಮದೊಂದ ಧ್ಯಾನ ಬಿಡಲಿಲ್ಲ. ಗೋದಾಮಿನಾಗಿನ ಲಿಂಬಿ ಚೀಲ ಹೊತ್ತೊಯ್ದ್ರು. ಹೋಗು ಮುಂದ ಕ್ಯಾಮರಾಕ್ಕ ಒಂದು ಲಿಂಬಿಹಣ್ಣ ದೃಷ್ಟಿ ತಗದು ಇಟ್ಟು ಹೋಗ್ಯಾರೋ ಏನೋ, ಅದೂ ಕಾಣವಲ್ತು.”

ಬಾಬುಲಾಲ ಈ ಮಾತನ್ನು ಇಂಡಿಯಲ್ಲಿ ಇನ್ನೆಷ್ಟು ಜನರ ಮುಂದೆ ಆಡಿದ್ದಾನೋ ಎಂಬುದೇ ನನಗೆ ಚಿಂತೆ. ರೆಕಾರ್ಡರನ್ನು ತಗೊಂಡು ನೇರ ಪಾಲಿಟೆಕ್ನಿಕ್ಕಿಗೆ ಹೋದೆ. ಶಹಾಬುದ್ದೀನ ಸರ್ ಅದನ್ನು ತೆರೆಯಲೂ ಇಲ್ಲ. “ಇಂಡಿ ಕರೆಂಟಿನ ದೋಷ ಐತ್ರಿ. ಡ್ರೈವರ್ ಎರಡು ಪಾಳಿದು, ತಪ್ಪೂ ಮಾತ ಇಲ್ಲ” ಎಂದರು. ಬಾಬುಲಾಲನಿಗೆ ಕರೆಂಟಿನ ದೋಷ ಅಂದರೆ ಅವನು ನನ್ನ ದೋಷ ಎಣಿಸುತ್ತಾನೆ. ಆದ್ದರಿಂದ ಮಗ್ಗುಲ ಮೇಜಿನಲ್ಲಿದ್ದ ಬುಶ್ರಾಳ ಮುಂದೆ ಇಟ್ಟೆ.

ಬುಶ್ರಾ ಇಂಡಿಯ ಹುಡುಗಿ, ಶಹಾಬುದ್ದೀನ ಸರ್ ಅವರಿಂದಲೇ ಕಲಿತವಳು. ಮುಂದೆ ಓದಿ ಬಂದು ಈಗ ಅದೇ ವಿಭಾಗದಲ್ಲಿ ಲೆಕ್ಚರರ್. ಅವಳೂ ಆ ಜಗತ್ತಿನ ಜನರಿಗೆ ಆಗಾಗ ತಿದ್ದುಪಡಿ ಕಳಿಸುತ್ತಾಳೆಂದು ಕೇಳಿದ್ದೆ. ತನಗೆ ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವ ಸಂಕೋಚ ಅವಳಿಗಿಲ್ಲ, ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಚಟವೂ ಇಲ್ಲ. ವ್ಯಾಪಾರಕ್ಕೆ ಬಾರದ ಸ್ವಭಾವ.

ವಾರ ಬಿಟ್ಟು ಹೋದಾಗ ಇಬ್ಬರೂ ಸ್ಟಾಫ್ ರೂಮಿನಲ್ಲಿದ್ದರು. ನನ್ನನ್ನು ನೋಡಿ ಬುಶ್ರಾ ಸರ್ ಕಡೆ ಕುರ್ಚಿ ತಿರುಗಿಸಿದಳು.

“ಸರ್, ಸಿಟ್ಟಾಗಬ್ಯಾಡ್ರಿ.”

“ಸಿಟ್ಟಾಗೂ ಮಾತಿದ್ರ ಆಗ್ತೇನಿ. ಹೇಳು.”

“ತಪ್ಪು ಕರೆಂಟಿಂದಲ್ರಿ. ಡ್ರೈವರಿಂದ.”

ಸರ್ ಪೆನ್ನಿನ ಟೋಪಿ ಹಾಕಿದರು. “ಬಿಡಿಸಿ ಹೇಳು.”

“ನೀವ ಕ್ಲಾಸಿನಾಗ ಹೇಳ್ತೀರಲ್ರಿ, ಡಬ್ಬಿ ಪಾಳಿ, ಮಂದಿ ಪಾಳಿ. ಕರೆಂಟ್ ಜರ್ಕ್ ಆದಾಗ ಡಿಸ್ಕ್ ಒಂದೀಟು ತಡಾ ಮಾಡ್ತೈತಿ. ಮ್ಯಾಲಿನ ಪಾಳ್ಯಾಗಿನ ಕೆಲಸ ಕಾದು ಕಾದು ಬ್ಯಾಸತ್ತು ಮನಿಗೆ ಹೋಗಿಬಿಡ್ತೈತಿ. ಆದ್ರ ಅದರ ಡಬ್ಬಿ ಕೆಳಗ ನಿಮ್ಮ ಪಾಳ್ಯಾಗ ಹಂಗ ಕುಂತಿರ್ತೈತಿ. ಡ್ರೈವರ್ ಡಬ್ಬಿ ನೋಡ್ತೈತಿ, ಮನಷ್ಯಾನ್ನ ಕಾಯ್ತೈತಿ. ಅಂವ ಬರೂದಿಲ್ಲ. ಗಿರಣಿ ನಿಂತಂಗ.”

“ಹಂಗಿದ್ರ ನಾಕು ಸಾಲು ಸೇರಸಿದ್ರ ಆತು. ಮನಷ್ಯಾ ಹೋಗಿದ್ರ ಡಬ್ಬಿನೂ ತಗಿ ಅಂತ.”

“ನಾನೂ ಮೊದಲ ಹಂಗ ಸೇರಸಿದ್ದೆರಿ. ಆಮ್ಯಾಲ ಪೂರ್ತಿ ಓದಿದೆ. ಕೆಳಗಿನ ಪಾಳಿನ ಬ್ಯಾಡ್ರಿ ಸರ್. ಅದನ್ನಷ್ಟೂ ತಗದೂ ನೋಡ್ದೆ.”

“ತಗದರ ನಿಧಾನ ಆಗಿರಬೇಕು.”

“ಇಲ್ರಿ.”

“ಜೋರಾತೇನು?”

“ಅದೂ ಇಲ್ರಿ. ಇದ್ದಂಗ ಐತಿ.”

ಜೋರಾಗಿದ್ದರೆ ಸರ್‌ಗೆ ಅಷ್ಟು ನೋವಾಗುತ್ತಿರಲಿಲ್ಲ ಅನಿಸುತ್ತದೆ. ಕಾಲಿಗೆ ಕಟ್ಟಿದ ಕಲ್ಲಾಗಿದ್ದರೂ ಅದಕ್ಕೊಂದು ತೂಕವಿರುತ್ತದೆ. ಇದ್ದಂಗ ಇರುವುದೆಂದರೆ, ಇಷ್ಟು ವರ್ಷ ಅದು ಅಲ್ಲಿ ಇದ್ದದ್ದೇ ಯಾರಿಗೂ ತಿಳಿದಿರಲಿಲ್ಲ.

ಬುಶ್ರಾ ತಾನು ಕಳಿಸಬೇಕೆಂದಿದ್ದ ತಿದ್ದುಪಡಿಯನ್ನು ಪರದೆಯ ಮೇಲೆ ತೋರಿಸಿದಳು. ತಿದ್ದುಪಡಿಯ ಜೊತೆ ಅದರ ಕಾರಣವನ್ನೂ ಬರೆಯುವುದು ಅಲ್ಲಿಯ ರೂಢಿ. ಸರ್ ಇಂಗ್ಲಿಷನ್ನು ನಿಧಾನವಾಗಿ ಓದಿದರು, ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. ನಾನು ಕೇಳಿರಲಿಲ್ಲ. ತಮ್ಮ ಬಾಯಿಂದ ತಾವೇ ಕೇಳಿ ನೋಡಬೇಕಿತ್ತೋ ಏನೋ. “ಈ ಎರಡನೇ ಪಾಳಿಯ ಅಗತ್ಯವಿಲ್ಲ. ಎಲ್ಲ ಸರಿ ಇದ್ದಾಗ ಇದರಿಂದ ಏನೂ ಆಗುವುದಿಲ್ಲ. ಡಿಸ್ಕ್ ತಡವರಿಸಿದಾಗ ಮಾತ್ರ ಆಗುತ್ತದೆ, ಯಂತ್ರ ನಿಲ್ಲುತ್ತದೆ.”

ಇಷ್ಟು ಚೊಕ್ಕಾಗಿ ಒಬ್ಬ ಮನುಷ್ಯನ ಕೆಲಸವನ್ನು ತೂಗಿದ್ದು ನಾನು ಎಪಿಎಂಸಿಯ ತಕ್ಕಡಿಯಲ್ಲೂ ನೋಡಿಲ್ಲ.

“ನಾ ಬರದಾಗ ಮ್ಯಾಲಿನ ಪಾಳಿ ಇಷ್ಟು ಚಲೋ ಇರಲಿಲ್ಲವಾ. ಅದಕ್ಕ ಬರದಿದ್ದೆ,” ಎಂದರು ಸರ್.

ಬುಶ್ರಾ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

“ಆವಾಗ್ಲೂ ಇತ್ರಿ ಸರ್. ಹಳೇದೆಲ್ಲಾ ತಗದು ನೋಡೇನಿ. ನೀವು ಬರಿಯೂಕಿಂತ ಮೊದಲ ಇತ್ತು.”

ಹೊರಗೆ ಗಂಟೆ ಹೊಡೆಯಿತು. ಸರ್‌ಗೆ ತರಗತಿ ಇತ್ತು, ಏಳಲಿಲ್ಲ. ಅವರು ಕೇಳಿದ್ದು ಒಂದೇ.

“‘ಈಗ’ ಅಂತ ಒಂದು ಶಬ್ದ ಸೇರಸು. ‘ಈಗ ಇದರ ಅಗತ್ಯವಿಲ್ಲ’ ಅಂತ.”

“ಸರ್, ಅದು ಖರೇ ಆಗೂದಿಲ್ಲಲ್ರಿ. ಅಲ್ಲಿಯವರು ಹಳೇದು ತಗದು ನೋಡ್ತಾರ.”

“ಯಾರು ನೋಡ್ತಾರ? ಇಷ್ಟು ವರ್ಷ ಒಬ್ಬರೂ ನೋಡಲಿಲ್ಲ.”

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು, ಏನು ಹೇಳಿದೆ ಎಂದು. ಬುಶ್ರಾಳಿಗೂ ಗೊತ್ತಾಗಿರಬೇಕು, ತಲೆ ತಗ್ಗಿಸಿ ಆ ಶಬ್ದ ಸೇರಿಸಿದಳು. ಆಮೇಲೆ ಹೇಳಿದಳು: “ಮೂಲ ಬರದವರು ಒಪ್ಪಿಗಿ ಅಂತ ಒಂದು ಸಾಲು ಬರದ್ರ ಛಂದರಿ ಸರ್. ನಿಮ್ಮ ಒಪ್ಪಿಗಿ ಬಂದಮ್ಯಾಲ ಕಳಸ್ತೇನಿ.”

“ವಿಚಾರ ಮಾಡಿ ಬರೀತೇನಿ.”

“ಒಂದ ಸಾಲರಿ.”

“ಒಂದ ಸಾಲಾದ್ರೂ ವಿಚಾರ ಮಾಡಬೇಕಲ್ಲವಾ.”

ರೆಕಾರ್ಡರ್ ಅಂತೂ ಬುಶ್ರಾಳ ತಿದ್ದುಪಡಿ ಹಾಕಿ ನಡೆಯುತ್ತಿತ್ತು. ಬಾಬುಲಾಲನಿಗೆ ‘ಸುಧಾರಿಸಿದ ಹೊಸ ಮಾದರಿ’ ಎಂದು ಹೇಳಿ ಕೊಟ್ಟೆ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಸರ್ ಕೆಲಸ ಸುರುವಾಗಿತ್ತು. ಆ ಒಂದು ಸಾಲಿನ ಮೇಲೆ ಅವರ ಜೀವ ನಿಂತಿತ್ತು. ಪಾಳಿ ಉಳಿಯುವುದಿಲ್ಲ ಎಂಬುದು ಅವರಿಗೂ ತಿಳಿದಿತ್ತು. ಒಂದು ಕಾಲಕ್ಕೆ ಅದು ಬೇಕಾಗಿತ್ತು ಎಂಬ ಮಾತಾದರೂ ಉಳಿಯಲಿ, ಅದನ್ನು ತಾವೇ ಮರ್ಯಾದೆಯಿಂದ ಕೈ ಹಿಡಿದು ಕೆಳಗಿಳಿಸಿದೆವು ಎಂದಾಗಲಿ ಎಂಬುದು ಅವರ ಆಸೆ.

ಮೊದಲು ಪ್ರಾಂಶುಪಾಲ ಗುರಲಿಂಗಪ್ಪನವರ ಹತ್ತಿರ ಹೋದರು. ವಿಷಯವನ್ನು ಹೊರಗಿನಿಂದ ಕೇಳುವ ಮೊದಲು ತಾವೇ ಹೇಳುವುದು ನಯ ಎಂದುಕೊಂಡಿರಬೇಕು. ಕಂಪ್ಯೂಟರ್ ಲ್ಯಾಬಿನ ಕೊಟೇಶನ್ ಕೊಡಲು ನಾನೂ ಅಲ್ಲಿದ್ದೆ. ಗುರಲಿಂಗಪ್ಪನವರು ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. ಅವರು ಹಾಗೆ ಕೇಳುವುದು ನಿದ್ದೆಯ ಸಲುವಾಗಿ ಎಂದು ಕೆಲವರು ಅನ್ನುತ್ತಾರೆ, ಅಂದು ಹಾಗಿರಲಿಲ್ಲ.

“ಅಂದ್ರ ನೀವು ಬರದದ್ದು ತಗೀತಾರ?”

“ಒಂದು ಭಾಗ ರೀ ಸರ್. ಮುಖ್ಯ ಭಾಗ.”

“ತಗಿಯೂದು ನಮ್ಮ ಬುಶ್ರಾ?”

“ಹೌದ್ರಿ.”

“ಅಂದ್ರ ಆಕಿ ಹೆಸರೂ ಅಲ್ಲಿ ಬರ್ತೈತಿ?”

“ಬರ್ತೈತ್ರಿ.”

“ಚಲೋ ಆತು ಬಿಡ್ರಿ,” ಎಂದರು ಗುರಲಿಂಗಪ್ಪನವರು, ಕಣ್ಣು ತೆರೆದು. “ಪುಸ್ತಿಕಾ ಇನ್ನೂ ಅಚ್ಚಿಗೆ ಹೋಗಿಲ್ಲ. ಹೆಣ್ಣುಮಕ್ಕಳ ಫೋಟೋ ಇದ್ರ ಅಡ್ಮಿಶನ್ನಿಗೆ ಅನುಕೂಲ. ನಿಮ್ಮ ಜಾಗಾದಾಗ ಹಿಡಸ್ತೈತಿ. ಅಳತಿ ಅದ ಇರಲಿ, ಅಚ್ಚಿನವಂಗ ಮತ್ತ ಕೆಲಸ ಹೆಚ್ಚಾಗೂದು ಬ್ಯಾಡ.”

ಮರುದಿನ ನಾನು ಮನಗೂಳಿಗೆ ಮಾಲು ಕೊಡಲು ಹೊರಟಾಗ ಸರ್ ತಾವೂ ಗಾಡಿ ಹತ್ತಿದರು. ಬಾಗೇವಾಡಿಗೆ ಹೋಗಿ ತಂದೆಯನ್ನು ಕಾಣಬೇಕೆಂದರು. ಒಪ್ಪಿಗೆಯನ್ನು ಗಿರಣಿಯ ವಿಷಯದಿಂದಲೇ ಸುರು ಮಾಡಬೇಕೆಂದಿದ್ದರು. ಎರಡು ಪಾಳಿಯ ಪದ್ಧತಿಯನ್ನು ತಂದೆ ಏಕೆ ಇಟ್ಟರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದರೆ ತೂಕ ಬರುತ್ತದೆ ಎಂದು.

ಗಿರಣಿಯನ್ನು ಈಗ ಸರ್ ಅವರ ತಮ್ಮ ಮುಕ್ತಾರ ನಡೆಸುತ್ತಾನೆ. ಚಾಂದಸಾಬ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದುಹೋಗುವವರ ಹಿಟ್ಟು ಸಣ್ಣಗಾಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಕಟ್ಟೆ ಖಾಲಿ ಇತ್ತು. ಡಬ್ಬಿಗಳು ಮಾತ್ರ ಸಾಲಾಗಿ ಕೂತಿದ್ದವು. ಮಂದಿ ಎಲ್ಲಿ ಎಂದು ಸರ್ ಕೇಳಿದರು.

“ಡಬ್ಬಿ ಇಟ್ಟು ಹೋಗ್ತಾರ, ಫೋನ್ ಮಾಡಿದ್ರ ಬರ್ತಾರ,” ಎಂದ ಮುಕ್ತಾರ, ಗಿರಣಿಯ ಸಪ್ಪಳದ ಮೇಲೆ ಕೂಗಿ. “ಕುಂತು ಏನ್ ಮಾಡ್ತಾರ?”

ಸರ್ ತಂದೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. “ಅಬ್ಬಾ, ನೀವು ಎರಡು ಪಾಳಿ ಹಚ್ಚಸ್ತಿದ್ರಲ್ಲ, ಡಬ್ಬಿದೊಂದು, ಮಂದಿದೊಂದು. ಯಾಕ ಹಚ್ಚಸ್ತಿದ್ರಿ?”

“ಯಾಕಂದ್ರ?”

“ಜಗಳ ಆಗಬಾರದು ಅಂತನಾ? ಸಾಕ್ಷಿ ಇರಲಿ ಅಂತ?”

ಚಾಂದಸಾಬ ಮಗನ ಮುಖವನ್ನು, ಆಮೇಲೆ ನನ್ನ ಮುಖವನ್ನು ನೋಡಿದರು. ಇಷ್ಟು ಓದಿದವನಿಗೆ ಇದೂ ತಿಳಿಯಲಿಲ್ಲವೇ ಎಂಬಂತಿತ್ತು ಆ ನೋಟ.

“ಸಾಕ್ಷಿ ಯಾತರದೋ ಹುಚ್ಚಪ್ಯಾಲಿ. ಎದುರಿಗೆ ಬಸಪ್ಪಂದು ಗಿರಣಿ ಇತ್ತು. ನಮ್ಮ ಕಟ್ಟಿ ಮ್ಯಾಲ ಯಾವಾಗ್ಲೂ ಮಂದಿ ತುಂಬಿ ಕಾಣಬೇಕು, ಅಂವನ ಹೊಟ್ಟಿ ಉರೀಬೇಕು. ಅದಕ್ಕ ಕೂಡಸ್ತಿದ್ದೆ. ಅಂವ ಗಿರಣಿ ಮಾರಿ ಹ್ವಾದ ಮ್ಯಾಲ ಮಂದಿಗೆ ಮನಿಗೆ ಹೋಗ್ರಿ ಅಂದೆ, ಅವರಿಗೆ ರೂಢಿ ಬಿಡಲಿಲ್ಲ.”

ಹೇಳಿ, ಒಬ್ಬ ಹೆಂಗಸಿನ ಡಬ್ಬಿಯಿಂದ ಚಿಟಿಕೆ ಹಿಟ್ಟು ತೆಗೆದು ತಿಕ್ಕಿ ನೋಡಿದರು. “ದಪ್ಪಾತು ಮುಕ್ತಾರ,” ಎಂದರು.

ಸಿಂದಗಿಗೆ ಮರಳುವ ದಾರಿಯಲ್ಲಿ ನಾನು ಒಂದೇ ಮಾತು ಕೇಳಿದೆ. “ಏನ್ ಬರೀತೀರಿ ಸರ್ ಈಗ?”

“ಜಗಳ ಆಗಬಾರದು ಅಂತ ಹಚ್ಚಸ್ತಿದ್ರು ಅಂತ ಬರೀತೇನಿ,” ಎಂದರು. ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಪ್ಪಿಗೆ ಬೆಳೆಯಿತು. ಒಂದು ಸಾಲು ಒಂದು ಪುಟವಾಯಿತು, ಪುಟ ಮೂರಾಯಿತು. ಗಿರಣಿ ಬಂತು, ಬಾಗೇವಾಡಿಯ ಇತಿಹಾಸ ಬಂತು, ತಂದೆಯ ದೂರದೃಷ್ಟಿ ಬಂತು. ‘ಕಾಲ ಬದಲಾದಂತೆ ಹಿರಿಯರು ದಾರಿ ಬಿಡಬೇಕು’ ಎಂಬ ಮಾತು ಎರಡು ಕಡೆ ಬಂತು. ಬುಶ್ರಾ ದಿನ ಬಿಟ್ಟು ದಿನ ಕೇಳುತ್ತಿದ್ದಳು. “ಸರ್, ಆತೇನ್ರಿ?” “ಕಡೀ ಭಾಗದಾಗ ಐತಿ.” “ಸರ್, ನಾ ಕಳಿಸಿಬಿಡ್ಲೇನ್ರಿ? ನಿಮ್ಮದು ಆಮ್ಯಾಲ ಬರಲಿ.” “ಮೂಲ ಬರದಾಂವನ ಒಪ್ಪಿಗಿ ಇಲ್ಲದ ಕಳಸೂದು ಶಿಸ್ತಲ್ಲವಾ. ನೀನ ಹೇಳಿದ್ದಿ.” ಅವಳು ತನ್ನ ಮೇಜಿಗೆ ಮರಳುತ್ತಿದ್ದಳು. ಅವಳಿಗೆ ಕಲಿಸಿದವರು ಅವರು. ಆ ಒಂದು ಸಲುಗೆಯಿಂದ ಅವಳನ್ನು ಅಷ್ಟು ದಿನ ಹಿಡಿದು ನಿಲ್ಲಿಸಿದರು.

ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಲ್ಯಾಬಿನಿಂದ ಕಳಿಸಿದರು. ಹೊಸ ಕಂಪ್ಯೂಟರ್ ಜೋಡಿಸಲು ನಾನು ಅಲ್ಲಿಯೇ ಇದ್ದೆ. ಅಕ್ಷರಗಳಿಗೆ ನೀಲಿ ಬಣ್ಣ ಹಾಕಿದ್ದರು. ಕೆಳಗೆ ಸಹಿಯ ಚಿತ್ರ, ಅದರ ಕೆಳಗೆ ಸನ್ಮಾನದ ದಿನದ ಪೇಟಾ ಸುತ್ತಿದ ಫೋಟೋ. ಕಳಿಸುವ ಗುಂಡಿ ಒತ್ತಿ ಕುರ್ಚಿಗೆ ಒರಗಿದರು. ಆ ಮುಖದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟವನ ಕಳೆ ಇತ್ತು.

ಅವರು ಪೂರ್ತಿ ಒರಗುವ ಮೊದಲೇ ಉತ್ತರ ಬಂತು. ಆ ಜಗತ್ತಿನ ಟಪಾಲಿನಲ್ಲಿ ಬಣ್ಣ, ಚಿತ್ರ ಯಾವುದೂ ನಡೆಯುವುದಿಲ್ಲ, ಬರಿಯ ಅಕ್ಷರ ಮಾತ್ರ ನಡೆಯುತ್ತದೆ. ಮನುಷ್ಯರು ನೋಡುವ ಮೊದಲೇ ಯಂತ್ರ ಅದನ್ನು ಹಿಂದಕ್ಕೆ ತಳ್ಳಿತ್ತು.

“ಬುಶ್ರಾ,” ಎಂದು ಕರೆದರು. “ಇದನ್ನ ಸಾದಾ ಹ್ಯಾಂಗ ಮಾಡೂದು ನೋಡವಾ.”

ಬುಶ್ರಾ ಬಂದು ನಿಂತಲ್ಲೇ ಬಗ್ಗಿ, ಫೋಟೋ ತೆಗೆದಳು, ಸಹಿ ತೆಗೆದಳು, ನೀಲಿ ತೆಗೆದಳು. ಮೂರು ಪುಟ ಓದಲಿಲ್ಲ. “ಯಾವ ತಿದ್ದುಪಡಿಗೆ ಒಪ್ಪಿಗಿ ಅಂತ ಮ್ಯಾಲ ಹಾಕಬೇಕ್ರಿ” ಎನ್ನುತ್ತ ಡ್ರೈವರಿನ ಇವತ್ತಿನ ಕಡತವನ್ನು ತೆರೆದಳು. ಕೆಳಗೆ ಇಳಿದಳು. ಮತ್ತೆ ಮೇಲೆ ಹೋದಳು. ನಿಧಾನವಾಗಿ ಇನ್ನೊಮ್ಮೆ ಇಳಿದಳು.

“ಸರ್, ಪಾಳಿ ಇಲ್ರಿ.”

“ಇಲ್ಲಂದ್ರ?”

“ತಗದುಬಿಟ್ಟಾರ.”

“ನೀ ಕಳಸಿದ್ದೇನು?”

“ನಾ ಎಲ್ಲಿ ಕಳಸ್ಲಿರಿ? ನಿಮ್ಮ ಒಪ್ಪಿಗಿ ಕಾಯ್ತಾ ಕುಂತೇನಿ.”

ಅವಳು ಹುಡುಕಿ ತೆಗೆದಳು. ಯಾವುದೋ ದೇಶದ ಯಾವನೋ ಒಬ್ಬ, ಹಳೆಯ ಡ್ರೈವರುಗಳನ್ನೆಲ್ಲ ಒಟ್ಟಿಗೆ ಗುಡಿಸುತ್ತ ಬಂದಿದ್ದ. ಯಾರದೋ ಹತ್ತಾರು ಕಡತಗಳ ನಡುವೆ ಇವರದೂ ಒಂದು. ಎಲ್ಲಕ್ಕೂ ಸೇರಿ ಒಂದೇ ಕಾರಣ ಬರೆದಿದ್ದ: ‘ಇವು ಯಾವುವೂ ಬೇಕಾಗಿಲ್ಲ.’ ‘ಈಗ’ ಎಂಬ ಶಬ್ದ ಅದರಲ್ಲಿ ಇರಲಿಲ್ಲ. ಬರೆದವರ ಒಪ್ಪಿಗೆ ಕೇಳಿರಲಿಲ್ಲ. ಕೇಳಲೇಬೇಕೆಂಬ ಕಾನೂನೂ ಅಲ್ಲಿಲ್ಲವಂತೆ. ಕೇಳಿದರೆ ಛಂದ, ಅಷ್ಟೇ. ತೆಗೆದು ಆಗಲೇ ಬಹಳ ದಿನವಾಗಿತ್ತು. ಸರ್ ಎರಡನೇ ಪುಟದಲ್ಲಿ ಬಾಗೇವಾಡಿಯ ಇತಿಹಾಸ ಬರೆಯುತ್ತಿದ್ದಾಗಲೇ ಅಲ್ಲಿ ಗುಡಿಸಿ ಆಗಿತ್ತು.

“ಇಂವ ಯಾರು?” ಎಂದು ಸರ್ ಕೇಳಿದರು.

“ಗೊತ್ತಿಲ್ರಿ.”

“ನನ್ನ ಬಗ್ಗೆ ಏನರೆ ಬರದಾನೇನು?”

“ಇಲ್ರಿ.”

“ಒಂದ ಶಬ್ದ?”

ಬುಶ್ರಾ ಪರದೆಯ ಕಡೆ ತಿರುಗಿದಳು. ತಾನು ಬರೆದಿಟ್ಟಿದ್ದ ತಿದ್ದುಪಡಿಯನ್ನು ತೆರೆದಳು. ಅದರಲ್ಲಿ ಆ ‘ಈಗ’ ಇನ್ನೂ ಇತ್ತು. ಅದನ್ನೆಲ್ಲ ಅಳಿಸಿದಳು. ಅಳಿಸುತ್ತಲೇ, ಸರ್ ಕಡೆ ನೋಡದೆ ಹೇಳಿದಳು:

“ನಂದೊಂದು ಡಬ್ಬಿ ಅಲ್ಲಿ ಪಾಳ್ಯಾಗ ಇಡೂದಿ‌ತ್ತು, ಸರ್. ನಿಮ್ಮ ಕಟ್ಟಿ ಮ್ಯಾಲ ಕುಂತು ಕುಂತು ಅದು ಹೋತು.”

ಅವಳು ಅಷ್ಟು ಕೆಟ್ಟ ಮಾತು ಆಡಿದ್ದನ್ನು ನಾನು ಆಮೇಲೆಯೂ ಕೇಳಿಲ್ಲ. ತರಗತಿಗೆ ಹೊತ್ತಾಯಿತೆಂದು ಎದ್ದು ಹೋದಳು. ಸರ್ ಆ ಮೂರು ಪುಟಗಳನ್ನು ನೋಡುತ್ತ ಕೂತರು. ಬಣ್ಣ, ಸಹಿ, ಫೋಟೋ ಇಲ್ಲದ ಬರಿಯ ಅಕ್ಷರ. ಈಗ ಅದು ಹೋಗಲು ಪೂರ್ತಿ ತಯಾರಾಗಿತ್ತು.

ಆ ವರ್ಷದ ಪುಸ್ತಿಕೆಯಲ್ಲಿ ಬುಶ್ರಾಳ ಫೋಟೋ ಬರಲಿಲ್ಲ, ಅವಳ ಹೆಸರು ಆ ಕಡತದಲ್ಲಿ ಬರಲಿಲ್ಲವಲ್ಲ. ಸರ್ ಫೋಟೋವನ್ನೂ ತೆಗೆದಾಗಿತ್ತು. ಅಷ್ಟು ಜಾಗಕ್ಕೆ ಗುರಲಿಂಗಪ್ಪನವರು ಹೊಸ ಶೌಚಾಲಯದ ಚಿತ್ರ ಹಾಕಿಸಿದರು. ಅಳತೆ ಸರಿಯಾಗಿ ಕೂತಿತು.

ಹದಿನೈದು ದಿನ ಸರ್ ಅಂಗಡಿಯ ಕಡೆ ಬರಲಿಲ್ಲ. ಬಂದ ದಿನ ಗಿರಾಕಿಗಳಿದ್ದರು. ಯಾವಾಗಲೂ ಬಂದವರೇ ಒಳಗೆ ಬಂದು ನನ್ನ ಮಗ್ಗುಲ ಕುರ್ಚಿಯಲ್ಲಿ ಕೂಡುವವರು, ಅಂದು ಬಾಗಿಲ ಬಳಿಯ ಬೆಂಚಿನಲ್ಲಿ ಗಿರಾಕಿಗಳ ತುದಿಗೆ ಕೂತರು. ಮೌಸ್ ಕೆಟ್ಟ ಹುಡುಗಿ ಹೋದಳು, ಪ್ರಿಂಟರಿನ ಮಸಿ ಬೇಕಾದವನು ಹೋದ. ಅವರು ಒಂದೊಂದೇ ಜಾಗ ಮುಂದಕ್ಕೆ ಸರಿಯುತ್ತ ಬಂದರು. ನನಗೆ ಕಾಣುತ್ತಿತ್ತು. ಒಳಗೆ ಬರ್ರಿ ಎನ್ನಬಹುದಿತ್ತು. ಎಲ್ಲಿಯ ತನಕ ಸರಿಯುತ್ತಾರೆ ನೋಡೋಣ ಎನಿಸಿ ಸುಮ್ಮನಿದ್ದೆ.

ಅವರ ಸರದಿ ಬಂದಾಗ ಎದ್ದು ಗಲ್ಲೆಯ ಮುಂದೆ ನಿಂತರು.

“ಸಾವ್ಕಾರ್ರ, ಬೋರ್ಡಿನ ಮ್ಯಾಲ ನನ್ನ ಹೆಸರು ಐತಲ್ರಿ, ಆ ಸಾಲು ತಗಸ್ರಿ.”

“ಯಾಕ್ರಿ ಸರ್? ಹೆಸರು ಹೋಗಿಲ್ಲಂತಲ್ಲ. ಬುಶ್ರಾ ಅಂದ್ಲು, ಕಡತದ ತಲಿ ಮ್ಯಾಲ ಇನ್ನೂ ಐತಿ ಅಂತ.”

“ಐತ್ರಿ. ಹೆಸರು ಕೆಲಸಾ ಮಾಡೂದಿಲ್ಲಲ್ಲ, ಅದಕ್ಕ ಅಂವ ಅದನ್ನ ಮುಟ್ಟಿಲ್ಲ. ಅದರ ಕೆಳಗ ನಾ ಬರದದ್ದು ಈಗ ಹೆಚ್ಚೇನೂ ಉಳಿದಿಲ್ಲ. ಅದಕ್ಕ ತಗಸ್ರಿ ಅಂದೆ.”

ಬೋರ್ಡು ಇಳಿಸಿ, ಪೇಂಟರನನ್ನು ಕರೆಸಿ, ಒಂದು ಸಾಲು ಅಳಿಸುವುದೆಂದರೆ ಸುಮ್ಮನಲ್ಲ. ಅಳಿಸಿದ ಕಡೆ ಬಣ್ಣ ಬೇರೆ ಕಾಣುತ್ತದೆ.

“ಇರಲಿ ಬಿಡ್ರಿ ಸರ್,” ಎಂದೆ. “ಇದ್ರೂ ಅಷ್ಟ, ತಗದ್ರೂ ಅಷ್ಟ. ಏನ್ ಫರಕ ಬೀಳೂದಿಲ್ಲ.”

ಅವರು ನನ್ನನ್ನು ನೋಡಿದರು. ಈ ಮಾತನ್ನು ಮೊದಲು ಎಲ್ಲಿ ಕೇಳಿದ್ದೆ ಎಂದು ಯೋಚಿಸುವವರಂತೆ.

“ಹೌದ್ರಿ,” ಎಂದರು.

ಹಿಂದೆ ಒಬ್ಬ ಗಿರಾಕಿ ಬಂದು ನಿಂತಿದ್ದ, ಮನಗೂಳಿಯ ಕಡೆಯವನು, ಕ್ಯಾಮರಾ ಬೇಕಿತ್ತು. ಸರ್ ಅವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು, ಚಪ್ಪಲಿ ಹಾಕಿಕೊಂಡು, ಬೋರ್ಡಿನ ಕೆಳಗಿಂದ ಹಾದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಗಿರಾಕಿ ಅವರ ಬೆನ್ನು ನೋಡಿ, ಯಾರವರು ಎಂದು ಕೇಳಿದ.

“ಬೋರ್ಡ್ ಓದಿಲ್ಲೇನ್ರಿ?” ಎಂದೆ. “ಅದರಾಗ ಹೆಸರೈತಲ್ಲ, ಅವರ ಇವರು.”

ಅವನು ಹೊರಗೆ ಹೋಗಿ ತಲೆ ಎತ್ತಿ ಓದಿ ಬಂದ. ಕೇಳಿದ ದರಕ್ಕೆ ಚೌಕಾಸಿ ಮಾಡದೆ ಎರಡು ಕ್ಯಾಮರಾ ತೆಗೆದುಕೊಂಡ.